ಮಸಿ ಹತ್ತದ ಹಾಳೆ

ಕಿವಿಯ ಹತ್ತಿರ ಬಂದರೆ ತೂತುಗಳು ಒತ್ತೊತ್ತಾಗುತ್ತವೆ, ಕೆನ್ನೆಯ ಮೇಲೆ ದೂರ ದೂರ, ಗಡ್ಡದ ಕಡೆ ಇಳಿದರೆ ಮತ್ತೆ ಒತ್ತು, ಸಾಲು ಬಿಡದ ಇರುವೆಗಳ ಹಾಗೆ, ಯಾರೋ ಮುದುಕ ತಲೆ ಬಗ್ಗಿಸಿ ನಿಂತಿದ್ದಾನೆ ಕಾಗದದ ಮೇಲೆ, ಯಾರಿಗೋ ನೀರು ಕೊಡುತ್ತಿದ್ದಾನೋ ಯಾರದೋ ಕಾಲು ತೊಳೆಯುತ್ತಿದ್ದಾನೋ, ಕೈಯ ಕೆಳಗೆ ಕಾಗದವೇ ಇಲ್ಲ, ಹರಿದುಹೋಗಿದೆ, ಮೊಮ್ಮಗಳು ಮಾಯಾ ಅವನ ಹೆಸರು ಹೇಳಿದಳು, ನನ್ನ ನಾಲಗೆಯ ಮೇಲೆ ನಿಲ್ಲಲಿಲ್ಲ, ಸೇಂಟ್ ಇವನು, ಅಜ್ಜಿ, ನಮ್ಮ ಶರಣರ ಥರ ಅಂದಳು, ಇಟಲಿ ದೇಶದವನು, ಚರ್ಚಿನ ಗೋಡೆ ತುಂಬ ಇವನ ಕಥೆ ಬರೆಯುವುದಕ್ಕೆ ಮುಂಚೆ ಕಾಗದದ ಮೇಲೆ ಗೋಡೆಯಷ್ಟೇ ಅಳತೆಗೆ ಹೀಗೆ ಬರೆದುಕೊಳ್ಳುತ್ತಿದ್ದರಂತೆ, ಆಮೇಲೆ ಗೆರೆಯ ಗುಂಟ ಸೂಜಿಯಿಂದ ಚುಚ್ಚಿ, ಹಸಿ ಗಾರೆಗೆ ಹಾಳೆ ಹಿಡಿದು, ಇದ್ದಿಲ ಪುಡಿಯ ಗಂಟಿನಿಂದ ತಟ್ಟಿ, ತೂತಿನಿಂದ ಗೋಡೆಗೆ ಚುಕ್ಕಿ ಇಳಿಸಿ — ಅಷ್ಟು ಹೇಳುವಷ್ಟರಲ್ಲಿ ನಾನು ನಕ್ಕುಬಿಟ್ಟೆ, ಅವಳೂ ನಕ್ಕಳು, ಅವಳಿಗೆ ಗೊತ್ತು, ಇದು ನಮ್ಮ ಮನೆಯ ಕೆಲಸ, ಅವಳ ತಾತನ ಕೆಲಸ, ಅವಳು ನನಗೆ ಹೇಳಿಕೊಡುತ್ತಿರಲಿಲ್ಲ, ನೆನಪು ಮಾಡಿಕೊಡುತ್ತಿದ್ದಳು. ವಾಷಿಂಗ್ಟನ್ನಿನ ಈ ದೊಡ್ಡ ಮ್ಯೂಸಿಯಮ್ಮಿನ ಈ ಕೋಣೆಯಲ್ಲಿ ಬೆಳಕು ಕಡಿಮೆ, ಹಳೆಯ ಕಾಗದಕ್ಕೆ ಬೆಳಕು ಆಗಿಬರುವುದಿಲ್ಲವಂತೆ, ನನ್ನ ಕಣ್ಣಿಗೂ ಅಷ್ಟೆ ಈಗೀಗ, ಇಬ್ಬರಿಗೂ ಹೊಂದಿಕೆಯಾಯಿತು ಅಂದುಕೊಂಡು ಗಾಜಿನ ಹತ್ತಿರ ಬಾಗಿದರೆ ಕಾವಲಿಗೆ ನಿಂತ ಹೆಂಗಸು, ನನ್ನ ವಾರಿಗೆಯವಳೇ ಇರಬೇಕು, ಕೂದಲೆಲ್ಲ ಬೆಳ್ಳಗೆ, ನಾಟ್ ಸೋ ಕ್ಲೋಸ್, ಹನಿ ಅಂದಳು, ಮೆತ್ತಗೆ ಅಂದಳು, ಆಮೇಲೆ ತಾನೇ ಬೆಂಚು ತೋರಿಸಿದಳು, ಕುಳಿತೆ, ಪುಣ್ಯಾತ್ಗಿತ್ತಿ. ಬೆಳಿಗ್ಗೆ ನಮ್ಮ ಮನೆಯಿರುವ ರೆಸ್ಟನ್ನಿನಲ್ಲಿ ರೈಲ್ವೆ ಸ್ಟೇಷನ್ನಿಗೆ ಬಿಟ್ಟು ಹೋಗುವಾಗ ನನ್ನ ಮಗಳು ಶ್ರೀಲತಾ ಕಾರಿನ ಕಿಟಕಿಯಿಂದ, ಯವ್ವಾ ಸ್ವೆಟರ್ ಬಿಚ್ಚಬ್ಯಾಡ, ಒಳಗ ಥಂಡಿ ಇರ್ತದ, ಮಾಯಾ, ಅಜ್ಜಿನ ಜಾಸ್ತಿ ವಾಕ್ ಮಾಡಿಸ್ಬೇಡ ಕಣೆ, ವೀಲ್‌ಚೇರ್ ಕೇಳು — ನನ್ನ ಜೊತೆ ಊರ ಮಾತು, ಮಗಳ ಜೊತೆ ಬೆಂಗಳೂರ ಮಾತು, ಒಂದೇ ಉಸಿರಿನಲ್ಲಿ ಎರಡು ಬಾಯಿ, ಹೇಗೆ ಮಾಡುತ್ತಾಳೋ. ಮಾಮ್, ಅಜ್ಜಿ ನಿನಗಿಂತ ಫಾಸ್ಟ್ ಅಂದಳು ಮಾಯಾ. ಈ ಹುಡುಗಿ ರಾಲಿ ಎಂಬ ಊರಿನಲ್ಲಿ ಹಳೆಯ ಕಾಗದಗಳಿಗೆ ಔಷಧ ಮಾಡುವ ಕೆಲಸದಲ್ಲಿದ್ದಾಳೆ, ಹರಿದದ್ದಕ್ಕೆ ಅಂಟು, ಬೂಸಲು ಹಿಡಿದದ್ದಕ್ಕೆ ಸ್ನಾನ, ರಜೆಗೆ ಬಂದವಳು ರಾತ್ರಿ ಊಟದ ಹೊತ್ತಿಗೆ, ಅಜ್ಜಿ, ಯು ಹ್ಯಾವ್ ಟು ಸೀ ಒನ್ ಥಿಂಗ್, ನಾಳೆ ಹೋಗೋಣ, ಏನು ಅಂತ ಕೇಳಬೇಡ ಅಂದಳು. ನಾನು ಕೇಳಲಿಲ್ಲ. ಕೇಳದೆ ಇರುವುದು ನನಗೆ ರೂಢಿ.

ಒಂದನ್ನು ಕೇಳದೆಯೇ ಇಟ್ಟುಕೊಂಡಿದ್ದೇನೆ, ಶ್ರೀಲತಾ ಕೂಸಾಗಿದ್ದಾಗಿನಿಂದ, ಈಗ ಅವಳ ತಲೆಯೂ ನರೆತಿದೆ — ಅಕ್ಕ ಚಿತ್ರವಾಗಿ ಗೋಡೆ ಹತ್ತಿದಳೋ ಇಲ್ಲವೋ. ನನ್ನ ಅಕ್ಕ ಸಿದ್ದೇಶ್ವರಿ, ನನ್ನ ಸವತಿಯೂ ಅವಳೇ, ಹಾಗಂದರೆ ಈ ದೇಶದ ಜನ ಹುಬ್ಬೇರಿಸುತ್ತಾರೆ, ಮಾಯಾ ಮೊದಲ ಸಲ ಕೇಳಿದಾಗ ವೇಯ್ಟ್ ವೇಯ್ಟ್ ವೇಯ್ಟ್ ಅಂತ ತಟ್ಟೆ ಕೆಳಗಿಟ್ಟಿದ್ದಳು, ಆದರೆ ನಮ್ಮ ಕಡೆ ಆಗ ಅದು ಇತ್ತು, ಅಕ್ಕನಿಗೆ ಮಕ್ಕಳಾಗಲಿಲ್ಲ, ತವರಿಗೆ ಬಂದು ಅವ್ವನ ಮುಂದೆ ಕುಳಿತು ತಾನೇ ಕೇಳಿದಳು, ಹೊರಗಿನಾಕಿನ ತರೂದ್ಕಿಂತ ಮಲ್ಲೀನ ಕೊಡ್ರಿ, ನಾ ನೋಡ್ಕೋತೀನಿ. ನಾನು ಬಾಗಿಲ ಹಿಂದೆ ನಿಂತು ಅಳುತ್ತಿದ್ದೆ, ಯಾರೂ ನನ್ನನ್ನು ಕೇಳಲಿಲ್ಲವಲ್ಲ ಎಂದು, ಆಮೇಲೆ ಆ ಮನೆಗೆ ಹೋಗಿ ನೋಡಿದರೆ ಅಕ್ಕ ತನ್ನ ಹಾಸಿಗೆಯನ್ನು ಅಡುಗೆಮನೆಯ ಪಕ್ಕಕ್ಕೆ ಎಳೆದುಕೊಂಡು ಜಾಗ ಖಾಲಿ ಮಾಡಿ ಇಟ್ಟಿದ್ದಳು, ಒಂದು ಮಾತಿಲ್ಲದೆ. ಯಜಮಾನರು ಮಹಾಂತಪ್ಪ, ಮಠಗಳ ಗೋಡೆಯ ಮೇಲೆ ಶರಣರ ಚರಿತ್ರೆ ಬರೆಯುವವರು, ಒಂದೊಂದು ಮಠಕ್ಕೆ ಒಂದು ಸಾಲು, ಹುಟ್ಟಿದ್ದರಿಂದ ಹಿಡಿದು ಬಯಲಾಗುವವರೆಗೆ, ಚಿತ್ರ ಬರೆಯುವುದು ಅವರದು, ಚುಚ್ಚುವುದು ಅಕ್ಕನದು, ಕಂಬಳಿಯನ್ನು ನಾಲ್ಕು ಪದರ ಮಡಚಿ ಹಾಸಿ ಅದರ ಮೇಲೆ ಹಾಳೆ, ಜೋಳದ ದಂಟಿನ ತುಂಡಿಗೆ ಸೂಜಿ ಸಿಕ್ಕಿಸಿ ಅದೇ ಹಿಡಿಕೆ, ಟಕ್ ಟಕ್ ಟಕ್, ಆ ಸದ್ದಿಗೆ ಶ್ರೀಲತಾ ಮಲಗುತ್ತಿದ್ದಳು, ಸದ್ದು ನಿಂತರೆ ಏಳುತ್ತಿದ್ದಳು. ಇದ್ದಿಲು ಅರೆಯುವುದೂ ಅಕ್ಕನೇ, ವಸ್ತ್ರಗಾಳಿತ ಮಾಡುವುದೂ ಅಕ್ಕನೇ, ಮೂಗು ಬಾಯಿ ಕಣ್ಣಿನ ರೆಪ್ಪೆ ಎಲ್ಲ ಕರ್ರಗೆ, ನಾನು ಕೈ ಹಾಕಲು ಹೋದರೆ ಗದರುವಳು, ಏ ಸರಿ ಆಕಡೆ, ಕೂಸಿಗೆ ಹಾಲು ಕುಡಸೂ ಮೈ, ಮಸಿ ಹತ್ತಬಾರದು. ನನಗೆ ಹತ್ತಲಿಲ್ಲ. ಇವತ್ತಿಗೂ ನನ್ನ ಅಂಗೈ ನೋಡಿ, ಬೆಳ್ಳಗೆ, ಮೆತ್ತಗೆ, ಇಷ್ಟು ವಯಸ್ಸಾದರೂ, ಅದೆಲ್ಲ ಅವಳು ಕೊಟ್ಟದ್ದು. ಮತ್ತೆ ಆ ಕಿವಿ — ಅಕ್ಕನ ಎಡಗಿವಿ, ಬೆಂಡೋಲೆ ಹಾಕಿಕೊಂಡು ಕೂಸಿಗೆ ತುತ್ತು ತಿನ್ನಿಸುತ್ತಿದ್ದಳು, ಶ್ರೀಲತಾ ಹಿಡಿದು ಜಗ್ಗಿದಳು, ಕಿವಿಯ ಹಾಲೆ ಎರಡಾಗಿ ಸೀಳಿತು, ರಕ್ತ ಕುಪ್ಪಸದ ಮೇಲೆಲ್ಲ, ಕೂಸು ನಗುತ್ತಿತ್ತು, ಅಕ್ಕನೂ ನಗುತ್ತಿದ್ದಳು, ನಾನೊಬ್ಬಳೇ ಅಳುತ್ತಿದ್ದೆ. ಹೊಲಿಸೋಣ ಅಂದರು ಯಜಮಾನರು. ಬ್ಯಾಡ್ರಿ, ಇರಲಿ, ಮಕ್ಕಳನ್ನ ಎತ್ತಿದ ಗುರುತು ಮೈಮ್ಯಾಲ ಮತ್ತೆಲ್ಲೂ ಇಲ್ಲ ನನಗ. ಹೊಲಿಸಲಿಲ್ಲ, ಎರಡು ತುಂಡು ಹಾಲೆ ಹಾಗೇ ತೂಗಾಡುತ್ತಿದ್ದವು, ನೀರು ಸೇದುವಾಗ, ರೊಟ್ಟಿ ಬಡಿಯುವಾಗ, ಕೆಳಗೆ ಕವಲೊಡೆದ ಒಂದು ಕಿವಿ.

ಆಮೇಲೆ ಕೆಮ್ಮು ಬಂತು, ಮಸಿ ಕುಡಿದ ಎದೆ, ಹುಬ್ಬಳ್ಳಿಯ ಡಾಕ್ಟರು ತಲೆ ಅಲ್ಲಾಡಿಸಿದರು, ಆಗ ಯಜಮಾನರು ಕೃಷ್ಣಾ ಹೊಳೆಯ ಆಚೆ ದಂಡೆಯ ಒಂದು ಮಠದ ಕೆಲಸ ಹಿಡಿದಿದ್ದರು, ಊಟದ ಪಡಸಾಲೆಗೆ ದಾಸೋಹದ ಚಿತ್ರ ಬೇಕಿತ್ತು, ಸಾಲಾಗಿ ಕುಳಿತು ಉಣ್ಣುವ ಶರಣರು, ನಡುವೆ ನಿಂತು ಬಡಿಸುವ ಒಬ್ಬ ತಾಯಿ. ಒಂದು ದಿನ ಅಕ್ಕನ ಹಾಸಿಗೆಯ ಎದುರು ಹಲಗೆ ಇಟ್ಟುಕೊಂಡು ಕುಳಿತರು, ಸಿದ್ದೀ, ಮಾರಿ ಈ ಕಡೆ ತಿರುಗಿಸು. ಯಾಕ್ರೀ. ಬಡಸಾಕಿ ನೀನ. ಅಯ್ಯ, ಹರಕ ಕಿವಿಯಾಕಿನ ಗ್ವಾಡಿ ಮ್ಯಾಲ ನಿಲ್ಲಸ್ತೀರೇನು, ಸ್ವಾಮಿಗಳು ಉಗದಾರು, ಬಲಗಡೆಯಿಂದ ಬರೀರಿ. ಇಲ್ಲ, ಎಡಗಡೆಯಿಂದನ ಬರಿತೀನಿ. ಬರೆದರು, ಕಾವಿಯಲ್ಲಿ, ಒಂದೇ ಹಿಡಿತಕ್ಕೆ, ಕೈಯಲ್ಲಿ ಸೌಟು, ಸ್ವಲ್ಪ ಬಾಗಿದ ಕತ್ತು, ಕವಲು ಕಿವಿ. ಅಕ್ಕ ಒಂದು ಫೋಟೋ ತೆಗೆಸಿಕೊಂಡವಳಲ್ಲ, ಅವಳ ಮುಖ ಅಂತ ಭೂಮಿಯ ಮೇಲೆ ಉಳಿದದ್ದು ಆ ಹಾಳೆ ಒಂದೇ. ನಿನ್ನ ಆ ಗ್ವಾಡಿ ಮ್ಯಾಲ ನಿಲ್ಲಸ್ತೀನಿ ಅಂತ ಮಾತು ಕೊಟ್ಟರು, ನಾನೇ ಕೇಳಿದೆ ಈ ಕಿವಿಯಿಂದ, ಅಕ್ಕ ಕಣ್ಣು ಮುಚ್ಚಿಕೊಂಡು, ನೋಡೋಣಂತ ತಗೋರಿ ಅಂದಳು. ಅಕ್ಕ ಹೋದಳು. ಮಣ್ಣು ಮಾಡಿ ಬಂದು ಕೆಲವು ದಿನಕ್ಕೆ ಅವರು ಆ ಮಠಕ್ಕೆ ಹೋದರು, ಮಳೆಗಾಲ ಮುಗಿದ ಮೇಲೆ ಬಂದರು, ಚೀಲ ಇಳಿಸಿ, ಸುರುಳಿಗಳನ್ನು ಒಂದೊಂದಾಗಿ ಅಟ್ಟಕ್ಕೆ ಎತ್ತಿಟ್ಟರು, ಎಲ್ಲ ಸುರುಳಿಗಳೂ ಮಸಿ ಮಸಿ, ಮುಟ್ಟಿದರೆ ಕೈ ಕರ್ರಗೆ, ಅದು ಯಾವತ್ತಿನ ಹಾಗೆಯೇ, ಗೋಡೆಗೆ ಹಿಡಿದು ತಟ್ಟಿದ ಹಾಳೆ ಮತ್ತೆ ಹೇಗಿರುತ್ತದೆ. ಒಂದು ಸುರುಳಿಯನ್ನು ಮಾತ್ರ ತಮ್ಮ ಪೆಟ್ಟಿಗೆಯಲ್ಲಿ ಇಟ್ಟರು. ಅವರು ಹೊಲದ ಕಡೆ ಹೋದಾಗ ನಾನು ತೆಗೆದು ನೋಡಿದೆ. ಅಕ್ಕ. ತೂತುಗಳೆಲ್ಲ ಇದ್ದವು, ಅವಳೇ ಚುಚ್ಚಿದ ತೂತುಗಳು, ಕಿವಿಯ ಸುತ್ತ ಒತ್ತೊತ್ತಾಗಿ. ಮಸಿ ಇರಲಿಲ್ಲ. ಒಂದು ಕಾಳಿನಷ್ಟೂ ಇರಲಿಲ್ಲ. ಹಾಳೆಯನ್ನು ಬಾಗಿಲಿಗೆ ಎತ್ತಿ ಹಿಡಿದರೆ ಅಕ್ಕನ ಮುಖದ ತುಂಬ ಬಿಸಿಲು ತೂರಿ ಬಂತು, ನನ್ನ ಸೆರಗಿನ ಮೇಲೆ ಚುಕ್ಕಿ ಚುಕ್ಕಿ ಬಿತ್ತು, ಗೋಡೆಗೆ ಹಿಡಿದೇ ಇಲ್ಲ, ಕೊಟ್ಟ ಮಾತು ಅಷ್ಟೇ, ಸ್ವಾಮಿಗಳು ಬೇಡ ಅಂದರೋ, ಇವರಿಗೇ ಎದೆ ಬರಲಿಲ್ಲವೋ, ಹರಿದ ಕಿವಿಯ ಬಂಜೆ ಹೆಂಗಸನ್ನು ಯಾರು ತಾನೇ ಶರಣರ ನಡುವೆ ನಿಲ್ಲಿಸುತ್ತಾರೆ. ಹಾಳೆ ಮೊದಲಿದ್ದ ಹಾಗೆ ಸುತ್ತಿಟ್ಟೆ. ಕೇಳಲಿಲ್ಲ. ಅವರ ಕೆಲಸದ ಮಾತು ಹೆಂಗಸರು ಎತ್ತುವ ಮನೆಯಲ್ಲ ಅದು, ಎತ್ತಬಹುದಾಗಿದ್ದವಳು ಅಕ್ಕ ಒಬ್ಬಳೇ. ಅವರಿಗೆ ರೊಟ್ಟಿ ಬಡಿದು ಹಾಕಿದೆ, ಕಾಲು ಒತ್ತಿದೆ, ಅವರು ಒಳ್ಳೆಯವರು, ಬೈದವರಲ್ಲ ಬಡಿದವರಲ್ಲ, ಆದರೂ ತಟ್ಟೆ ಇಡುವಾಗೆಲ್ಲ ಒಳಗೆ ಒಂದು ಮಾತು, ನಿಲ್ಲಿಸುತ್ತೀನಿ ಅಂದಿದ್ದಿರಲ್ಲ. ಆ ಮಠಕ್ಕೆ ಜಾತ್ರೆಗೆ ಹೋಗೋಣ ಬಾ ಅಂತ ಒಂದೆರಡು ಸಲ ಕರೆದರು, ನಾನು ಹೋಗಲಿಲ್ಲ, ಹೋಗಿ ಯಾರನ್ನು ನೋಡಲಿ. ಅವರೂ ಒತ್ತಾಯ ಮಾಡಲಿಲ್ಲ. ಕೊರೊನಾ ಬರುವ ಹಿಂದಿನ ವರ್ಷ ಅವರೂ ಹೋದರು, ಶ್ರೀಲತಾ ನನ್ನನ್ನು ಕರೆದುಕೊಂಡು ಬಂದಳು, ಎರಡು ಇಳಕಲ್ಲ ಸೀರೆಯ ನಡುವೆ ಆ ಸುರುಳಿಯೂ ಬಂತು, ಮಾಯಾ ಅದನ್ನು ನೋಡಿ ಒಂದು ಪೆಟ್ಟಿಗೆ ಮಾಡಿಸಿಕೊಟ್ಟಳು, ಇದು ಯಾರು, ಯಾವ ಮಠಕ್ಕೆ ಬರೆದದ್ದು, ಗೋಡೆ ಹತ್ತಲಿಲ್ಲ ಅನ್ನುವಷ್ಟನ್ನು ಅವಳಿಗೆ ಹೇಳಿದ್ದೆ.

ಮಾಯಾ ಬೆಂಚಿನ ಮೇಲೆ ನನ್ನ ಪಕ್ಕ ಕುಳಿತಳು, ನನ್ನ ಕೈ ತೆಗೆದುಕೊಂಡಳು, ಅವಳ ಕೈ ತಣ್ಣಗಿದೆ, ಈ ಹುಡುಗಿಗೆ ಏನೋ ಗಾಬರಿ. ಅಜ್ಜಿ, ಈ ಅಜ್ಜನ್ನ ನೋಡು, ಸರಿಯಾಗಿ ನೋಡು, ಏನು ಕಾಣುತ್ತೆ. ತೂತು ಕಾಣತಾವ. ಮತ್ತೆ. ಗೆರಿ ಚಂದ ಅದ, ಕೈ ಪಳಗಿದವಂದು. ಮತ್ತೆ, ಏನು ಕಾಣಲ್ಲ. ನಾನು ನೋಡಿದೆ, ಕನ್ನಡಕ ಒರೆಸಿಕೊಂಡು ನೋಡಿದೆ, ಕೆನ್ನೆ, ಗಡ್ಡ, ಕಿವಿ, ಕಿವಿಯ ಸುತ್ತ ಒತ್ತೊತ್ತು ತೂತು, ಕಾಗದ ಕಂದಿದೆ, ಅಲ್ಲಲ್ಲಿ ನೀರು ಬಿದ್ದ ಕಲೆ, ಅಷ್ಟೆ — ಮಸಿ ಇಲ್ಲ. ಮಸಿ ಇಲ್ಲ ಮಾಯಾ. ರೈಟ್, ಮಸಿ ಇಲ್ಲ. ಹಂಗಾರ ಇವನೂ ಗ್ವಾಡಿ ಹತ್ತಲಿಲ್ಲೇನು ಪಾಪ ಅಂದೆ. ಹತ್ತಿದಾನೆ ಅಜ್ಜಿ, ಇಟಲಿಯಲ್ಲಿ ಇದಾನೆ, ವಾಲ್ ಮೇಲೆ ಈಗಲೂ ಇದಾನೆ, ನಾನು ಹೋಗಿ ನೋಡಿದೀನಿ. ಅವಳು ಪರ್ಸಿನಿಂದ ಎರಡು ಕಾಗದದ ಕರವಸ್ತ್ರ ತೆಗೆದಳು, ಮೆಟ್ರೋ ಸ್ಟೇಷನ್ನಿನ ಕಾಫಿಯ ಜೊತೆ ಕೊಟ್ಟವು, ಒಂದರ ಮೇಲೊಂದು ಇಟ್ಟಳು, ಕಿವಿಯ ಓಲೆ ಬಿಚ್ಚಿ ಅದರ ಮುಳ್ಳಿನಿಂದ ಟಕ್ ಅಂತ ಎರಡಕ್ಕೂ ಸೇರಿಸಿ ಚುಚ್ಚಿದಳು, ಬೇರೆ ಮಾಡಿದಳು, ನೋಡು, ಇದರಲ್ಲೂ ತೂತು ಅದರಲ್ಲೂ ತೂತು, ಸೇಮ್ ಸೇಮ್. ಚಿತ್ರ ತುಂಬ ಚೆನ್ನಾಗಿದ್ರೆ, ಅವರಿಗೆ ಅದು ತುಂಬ ಇಷ್ಟ ಆದ್ರೆ, ಅದನ್ನ ಡರ್ಟಿ ಮಾಡೋಕೆ ಮನಸ್ಸು ಬರ್ತಿರಲಿಲ್ಲ, ಸೋ ಕೆಳಗೆ ಇನ್ನೊಂದು ಪ್ಲೇನ್ ಪೇಪರ್ ಇಡ್ತಿದ್ರು, ಎರಡನ್ನೂ ಸೇರಿಸಿ ಚುಚ್ಚುತಿದ್ರು, ಆಮೇಲೆ ಕೆಳಗಿನದನ್ನ ವಾಲ್‌ಗೆ ತಗೊಂಡು ಹೋಗಿ ಇದ್ದಿಲು ತಟ್ಟಿ, ಅದು ಹಾಳಾಗಿ ಹೋಗುತ್ತೆ, ಯಾರೂ ಇಟ್ಟುಕೊಳ್ಳಲ್ಲ, ಮೇಲಿಂದು ಕ್ಲೀನ್ ಆಗಿ ಮನೆಯಲ್ಲಿ ಉಳಿಯುತ್ತೆ. ಅಜ್ಜಿ, ಕ್ಲೀನ್ ಅಂದ್ರೆ ಯೂಸ್ ಮಾಡಿಲ್ಲ ಅಂತ ಅಲ್ಲ. ಕ್ಲೀನ್ ಅಂದ್ರೆ ಇಷ್ಟ ಅಂತ. ನಿನ್ನ ಪೇಪರ್ ನೋಡಿದ ದಿನದಿಂದ ನನಗೆ ಡೌಟು, ಬಟ್ ಐ ಡಿಡಂಟ್ ವಾಂಟ್ ಟು ಸೇ. ತಾತ ಹಾಗೆ ಮಾಡ್ತಿದ್ರಾ. ಇಲ್ಲವ್ವ, ಎಂದೂ ಮಾಡಿದವರಲ್ಲ, ನಮ್ಮಲ್ಲಿ ಹಾಳೆ ಒಂದೇ, ಅದನ್ನೇ ಗೋಡೆಗೆ ಹಚ್ಚುವುದು, ಹರಿಯುವ ತನಕ ಅದೇ, ಎರಡು ಹಾಳೆ ಯಾರು ಇಡುತ್ತಾರೆ, ಎರಡು ಹಾಳೆ ಇಟ್ಟರೆ ಸೂಜಿ —

ಸೂಜಿ. ಸೂಜಿ ಇಳಿಯಾಕ ಒಲ್ಲದು. ಯಾರು ಅಂದದ್ದು ಅದು, ಅಕ್ಕ ಅಂದದ್ದು, ಹಾಸಿಗೆಯಲ್ಲಿ ಎದ್ದು ಕುಳಿತು, ಬೆನ್ನಿಗೆ ಗೋಡೆ, ತೊಡೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಹಾಳೆ, ಬೇಡ ಅಕ್ಕ ನಾನು ಚುಚ್ಚುತ್ತೀನಿ ಅಂದರೆ ಕೇಳದೆ, ನನ್ನ ಮಾರಿ ನಾನ ಚುಚ್ಕೋತೀನಿ ನಡಿ ಅಂತ ನಗಿಸಿ, ಟಕ್, ಆ ದಿನದ ಟಕ್ ಬೇರೆ ಇತ್ತು, ಮೊಂಡು ಸದ್ದು, ಟಪ್ಪ್ ಟಪ್ಪ್, ಒಂದು ತೂತಿಗೆ ಎರಡು ಸಲ ಒತ್ತುತ್ತಿದ್ದಳು, ಹಣೆಯ ಮೇಲೆ ಬೆವರು, ಮಲ್ಲೀ, ಇವತ್ತ್ಯಾಕೋ ಹಾಳಿ ದಪ್ಪ ಐತಿ ನೋಡಲೇ. ನಾನು ಏನಂದುಕೊಂಡೆ, ಶಕ್ತಿ ಇಲ್ಲ ಪಾಪ ಕೈಯಲ್ಲಿ, ಅಂದುಕೊಂಡು ಕಣ್ಣೊರೆಸಿಕೊಂಡು ಒಲೆಯ ಮುಂದೆ ಹೋದೆ. ಹಾಳೆ ದಪ್ಪ. ಅಕ್ಕ ಹಾಳೆಯ ಅಂಚನ್ನು ಬೆರಳಿನಿಂದ ಸವರುತ್ತಿದ್ದಳು, ಈಗ ಕಾಣುತ್ತಿದೆ ನನಗೆ, ಹೆಬ್ಬೆರಳೂ ತೋರುಬೆರಳೂ, ಅಂಚನ್ನು ಹಿಡಿದು ಉಜ್ಜಿ ನೋಡುತ್ತಿದ್ದಳು, ಕಾಳು ಉಜ್ಜಿ ನೋಡುವ ಹಾಗೆ, ಆಮೇಲೆ ಬಾಗಿಲಲ್ಲಿ ಕುಳಿತಿದ್ದ ಅವರ ಕಡೆ ನೋಡಿದಳು, ಅವರು ಬಣ್ಣದ ಬಟ್ಟಲು ತೊಳೆಯುತ್ತ ತಲೆ ಎತ್ತಲಿಲ್ಲ, ಅಕ್ಕ ನಕ್ಕಳು, ಅವರಿಗೆ ಕೇಳುವ ಹಾಗೆ ಇನ್ನೊಮ್ಮೆ ಅಂದಳು, ಹಾಳಿ ದಪ್ಪ ಆಗೇದ ಅಂತೀನಿ. ಹೂಂ, ಚುಚ್ಚು, ಅಂದರು ಅವರು. ಅಷ್ಟೇ. ಅಯ್ಯೋ ಶಿವನೇ, ಅವಳಿಗೆ ಗೊತ್ತಿತ್ತು. ಜೀವಮಾನವೆಲ್ಲ ಹಾಳೆ ಚುಚ್ಚಿದ ಕೈಗೆ ಒಂದು ಹಾಳೆ ಯಾವುದು ಎರಡು ಹಾಳೆ ಯಾವುದು ತಿಳಿಯದೆ ಇರುತ್ತದೆಯೆ, ಗೊತ್ತಾಯಿತು ಅಂತ ಅವಳು ಅವರಿಗೆ ತಿಳಿಸಿದಳು, ಗೊತ್ತಾಗಲಿ ಅಂತ ಅವರು ಸುಮ್ಮನಿದ್ದರು, ಇಬ್ಬರೂ ನನ್ನ ಎದುರಿಗೇ ಮಾತಾಡಿ ಮುಗಿಸಿದರು, ನಾನು ರೊಟ್ಟಿ ಹೊತ್ತುತ್ತದೆ ಅಂತ ಎದ್ದು ಹೋದೆ. ಆ ಮನುಷ್ಯ, ಬದುಕಿರುವಾಗ ಅವಳಿಗೆ ಒಂದು ಹೂವು ತಂದುಕೊಟ್ಟದ್ದು ನಾನು ನೋಡಿಲ್ಲ, ಒಂದು ಒಳ್ಳೆಯ ಮಾತು ಬಾಯಿಬಿಟ್ಟು ಆಡಿದ್ದು ಕೇಳಿಲ್ಲ, ಆದರೆ ತಮ್ಮ ಕಸುಬಿನಲ್ಲಿ ಯಾರೂ ಮಾಡದ್ದನ್ನು ಮಾಡಿ, ಮದುವೆಯಾದಾಗಿನಿಂದ ಮಸಿಯಲ್ಲೇ ಬಿದ್ದಿದ್ದವಳನ್ನು ಒಂದು ಸಲ, ಒಂದೇ ಸಲ, ಮಸಿ ಹತ್ತದ ಹಾಗೆ ಎತ್ತಿಟ್ಟರು. ಪೆಟ್ಟಿಗೆಯಲ್ಲಿಟ್ಟರು. ಅಟ್ಟಕ್ಕೆ ಹಾಕಲಿಲ್ಲ. ನನಗೆ ಗೊತ್ತಾಗಲಿ ಅಂತ ಜಾತ್ರೆಗೆ ಕರೆದರು, ನಾನು ಬರಲ್ಲ ಅಂದೆ, ಆಗಲೂ ಹೇಳಲಿಲ್ಲ, ಹೇಳುವ ಜಾತಿಯೇ ಅಲ್ಲ ಅವರು. ಅಜ್ಜಿ, ಆರ್ ಯು ಓಕೆ, ನೀರು ಬೇಕಾ, ಮಾಯಾ ಹೆದರಿದ್ದಾಳೆ, ಕಾವಲಿನ ಹೆಂಗಸೂ ಒಂದು ಹೆಜ್ಜೆ ಮುಂದೆ ಬಂದಿದ್ದಾಳೆ, ಏನೂ ಇಲ್ಲವ್ವ, ಕಣ್ಣಿಗೆ ಥಂಡಿ, ಅಂದೆ, ಮಾಯಾ ಅದನ್ನು ಇಂಗ್ಲಿಷಿನಲ್ಲಿ ಏನೆಂದು ಹೇಳಿದಳೋ, ಆ ಹೆಂಗಸು ನನ್ನ ಭುಜ ಮುಟ್ಟಿ ಹೋದಳು.

ಬಟ್ ಅಜ್ಜಿ, ಐ ಡೋಂಟ್ ನೋ ಫಾರ್ ಶೂರ್, ಅಂದಳು ಮಾಯಾ ಹೊರಗಿನ ಕಂಬಗಳ ಹಜಾರಕ್ಕೆ ಬಂದ ಮೇಲೆ, ನೀರಿನ ಕಾರಂಜಿಯ ಪಕ್ಕ ನನ್ನನ್ನು ಕೂಡಿಸಿ, ಎರಡು ಪೇಪರ್ ಇಟ್ಟಿರಬಹುದು, ವಾಲ್ ಮೇಲೆ ಹಾಕಿದಾರೆ ಅಂತ ಗ್ಯಾರಂಟಿ ಇಲ್ಲ, ಆ ಗೋಡೆ ಈಗ ಇದೆ ಅಂತಾನೂ ಗ್ಯಾರಂಟಿ ಇಲ್ಲ, ಪೇಂಟ್ ಹೊಡೆದಿರಬಹುದು, ಅದಕ್ಕೆ ನಾನು ರವಿ ಅಂಕಲ್‌ಗೆ ಹೇಳಿದೀನಿ ಇವತ್ತು ಹೋಗೋಕೆ, ಈಗ ಕಾಲ್ ಮಾಡ್ತಾರೆ, ಏನೂ ಇಲ್ಲದೆ ಇದ್ರೆ ಬೇಜಾರು ಮಾಡ್ಕೋಬೇಡ, ಪ್ರಾಮಿಸ್. ರವಿ ಅಂದರೆ ನನ್ನ ತಮ್ಮನ ಮಗ ರವಿಕಿರಣ್, ಮೋಟಾರು ಪಂಪಿನ ಅಂಗಡಿಯವನು, ಅಂಗಡಿ ಮುಚ್ಚಿ ಹೊಳೆ ದಾಟಿ ಹೋಗಿದ್ದಾನಂತೆ ನನಗಾಗಿ, ಈ ಮಕ್ಕಳಿಗೆ ಏನು ಕೊಟ್ಟು ತೀರಿಸಲಿ. ಪ್ರಾಮಿಸ್ ಅಂದೆ. ಸುಳ್ಳು. ಇಷ್ಟು ವರ್ಷ ಇಲ್ಲ ಅಂದುಕೊಂಡು ಬದುಕಿದವಳಿಗೆ ಇಲ್ಲ ಅನ್ನುವ ಮಾತು ಹೊಸದಲ್ಲ, ಆದರೆ ಈಗ, ಈ ಒಂದು ತಾಸಿನಲ್ಲಿ ಇದೆ ಅಂದುಕೊಂಡ ಮೇಲೆ, ಸ್ವೆಟರಿನ ಗುಂಡಿ ತಿರುವುತ್ತೇನೆ, ಇಲ್ಲಿ ಬೆಳಗಿನ ಬಿಸಿಲು, ಶಾಲೆಯ ಮಕ್ಕಳು ಸಾಲಾಗಿ ಹೋಗುತ್ತಿವೆ, ಅಲ್ಲಿ ಕತ್ತಲಾಗಿರಬೇಕು, ಊಟದ ಹೊತ್ತು — ಫೋನು ಬಂತು, ರವಿಯ ಮೂಗು ಮಾತ್ರ ಕಂಡಿತು. ಅತ್ತೀ, ಶರಣ್ರಿ, ಅಮೆರಿಕಾದಾಗ ಚಾ ಆತೇನು. ಆತೋ ತಮ್ಮಾ, ಮೂಗ ಸರಿಸು. ಹ್ಹ ಹ್ಹ, ತಡೀರಿ, ಕ್ಯಾಮೆರಾ ತಿರಗಿಸ್ತೀನಿ, ಮಠದಾಗ ಪ್ರಸಾದ ನಡದೈತಿ, ನಾನೂ ಉಣ್ಣಾಕ ಕುಂತಿದ್ದೆ, ನಿಮ್ಮ ಮಾಯವ್ವ ಉಣ್ಣಾಕ ಬಿಡಲಿಲ್ಲ. ಪಡಸಾಲೆ ಕಂಡಿತು, ಉದ್ದ, ಹಳದಿ ದೀಪ, ಎರಡೂ ಕಡೆ ಜನ ಕುಳಿತು ಉಣ್ಣುತ್ತಿದ್ದಾರೆ, ಹೆಂಗಸರು ಮಕ್ಕಳು, ಬಸ್ಸಿನಿಂದ ಇಳಿದು ಬಂದವರು, ತಟ್ಟೆಗಳ ಸದ್ದು ಹೊಳೆ ದಾಟಿ ಕಡಲು ದಾಟಿ ಈ ಕಾರಂಜಿಯ ಸದ್ದಿನಲ್ಲಿ ಸೇರಿತು. ಗೋಡೆ ತೋರಿಸೋ. ಗೋಡೆ ಬಂತು, ಹೊಗೆ, ಮೇಲಿಂದ ಕೆಳಗಿನ ತನಕ ಕಂದು ಹೊಗೆ, ಆ ಹೊಗೆಯೊಳಗೆ ಕುಳಿತ ಶರಣರು, ನಾನು ನೋಡಿರದ ಯಜಮಾನರ ಕೆಲಸ, ಆದರೂ ಗುರುತು ಸಿಗುತ್ತದೆ, ಮೊಣಕಾಲು ಬರೆಯುವ ಬಗೆ, ಎಲೆಯ ಮೇಲೆ ಬಗ್ಗಿದ ಕತ್ತು, ಹೌದು ಇವರದೇ, ಒಬ್ಬ, ಇನ್ನೊಬ್ಬ, ಸಾಲು ಮುಂದೆ ಹೋಗುತ್ತದೆ, ಆಮೇಲೆ ಒಂದು ದೊಡ್ಡ ಉಕ್ಕಿನ ಕಪಾಟು, ತಟ್ಟೆ ಲೋಟ ಜೋಡಿಸಿದ್ದು, ಗೋಡೆಗೆ ಒತ್ತಿ ನಿಂತಿದೆ. ಅದರ ಹಿಂದ ಏನೈತಿ ರವಿ. ಗೊತ್ತಿಲ್ರಿ ಅತ್ತಿ, ತಡೀರಿ, ಏ ಅಣ್ಣಾವ್ರ, ಇದನ್ನ ಒಂಚೂರು ಸರಸಾಕ ಬರ್ತದೇನ್ರಿ.

ಬಡಿಸುತ್ತಿದ್ದ ಒಬ್ಬ ಗಂಡಸು ಬಂದ, ಕೈಯಲ್ಲಿ ಸಾರಿನ ಬಕೆಟ್ಟು, ಹೆಗಲ ಮೇಲೆ ಟವೆಲು. ಯಾಕ್ರಿ ಸರಸಬೇಕು. ಹಿಂದಿನ ಚಿತ್ರ ನೋಡಬೇಕಾಗೇತಿ, ನಮ್ಮ ಅತ್ತಿ ಅಮೆರಿಕಾದಿಂದ ನೋಡಾಕತ್ತಾರ. ಯಾವ ಚಿತ್ರರಿ, ಹರಕ ಕಿವಿಯವ್ವಂದೇನು. ನಾನು ಫೋನಿನ ಹತ್ತಿರ ಬಾಗಿದೆ. ಏನಂದಿರಿ, ರವಿ ಕೇಳಿದ. ಕಿವಿಯವ್ವರೀ, ಬಡಸೂ ತಾಯಿ, ಅದಕ್ಕ ಕಪಾಟ ಯಾಕ ಸರಸ್ತೀರಿ, ಆಕಿ ಈ ಕಡೆ ಅದಾಳಲ್ಲ, ಒಲಿ ಬಾಗಲಾ ಕಡೆ, ಆಕಿ ಮುಂದ ಕಪಾಟ ಇಡತೀವೇನು ನಾವು. ಆ ಮನುಷ್ಯ ಮುಂದೆ ನಡೆದ, ಫೋನು ಅವನ ಬೆನ್ನ ಹಿಂದೆ ಕುಣಿಯುತ್ತ ಹೋಯಿತು, ಅವನ ಮಾತು ಮಾತ್ರ ಕೇಳುತ್ತಿದೆ, ಯಾರಂತ ಗೊತ್ತಿಲ್ರಿ, ನಮ್ಮಪ್ಪನೂ ಇಲ್ಲೇ ಬಡಸತಿದ್ದ, ಅಂವ ಹೇಳಿಕೊಟ್ಟದ್ದು, ಜನಕ್ಕ ಹಾಕೂ ಮೊದಲ ಒಂದ ಸೌಟು ಆಕಿಗೆ ತೋರಸಬೇಕು, ತೋರಿಸಿ ಹಾಕಿದರ ಅಡಗಿ ಕಡಿಮಿ ಬೀಳಂಗಿಲ್ಲ, ದಿನಾ ತೋರಸ್ತೀವ್ರಿ, ಮುಂಜಾನೆ ಒಮ್ಮೆ ಸಂಜಿಗೆ ಒಮ್ಮೆ, ಹೊಸದಾಗಿ ಬಂದ ಹುಡುಗೂರು ಮರತರ ಆಕಿ ಕಿವಿ ಹಿಂಡತಾಳ ಅಂತ ಹೆದರಸ್ತೀವಿ. ಮಾಯಾ ನನ್ನ ತೋಳು ಹಿಡಿದಿದ್ದಾಳೆ, ಅಜ್ಜೀ ಏನಂದ್ರು, ವಾಟ್ ಡಿಡ್ ಹೀ ಸೇ, ಬಹಳ ಫಾಸ್ಟ್, ನನಗೆ ಅರ್ಥ ಆಗಲಿಲ್ಲ, ಹೇಳುತ್ತೇನೆ ತಡಿಯವ್ವ, ಹೇಳುತ್ತೇನೆ, ನಿನ್ನ ಅಮ್ಮ ಜಗ್ಗಿದ ಕಿವಿ ಇದು, ಶ್ರೀಲತಾಳಿಗೂ ಹೇಳಬೇಕು, ಯಾರನ್ನೂ ಎತ್ತದ ಮಡಿಲು ಅಂತ ಯಾರು ಅಂದದ್ದು, ದಿನಕ್ಕೆ ಎರಡು ಸಲ ಊರಿಗೆ ಊರೇ ಉಣ್ಣುವುದಕ್ಕೆ ಮೊದಲು ಅವಳ ಅಪ್ಪಣೆ ಕೇಳುತ್ತದೆ, ಅವಳು ಯಾರೆಂದು ಗೊತ್ತಿಲ್ಲದೆ ಕೇಳುತ್ತದೆ. ಬಂದ್ರಿ, ಇದ ನೋಡ್ರಿ, ಸ್ವಲ್ಪ ಹೊಗಿ ಕುಂತೈತಿ, ಒರಸ್ತೀನಿ ತಡೀರಿ ಅಂತ ಆ ಮನುಷ್ಯ ಹೆಗಲ ಟವೆಲು ತೆಗೆದ, ಮಾಯಾ ಇಡೀ ಮ್ಯೂಸಿಯಂ ತಿರುಗಿ ನೋಡುವ ಹಾಗೆ ಕಿರುಚಿದಳು, ನೋ ನೋ ನೋ, ಅಂಕಲ್, ಒರೆಸ್ಬೇಡಿ, ಮುಟ್ಟಬೇಡಿ, ಪ್ಲೀಸ್ ಡೋಂಟ್ ಟಚ್! ಆತವ್ವ ಆತು, ಮುಟ್ಟಂಗಿಲ್ಲ, ಇಷ್ಟ್ಯಾಕ ಒದರತಿ, ಅಂದ ರವಿ, ಆ ಕಡೆ ಉಣ್ಣುತ್ತಿದ್ದವರು ನಕ್ಕರು, ಈ ಕಡೆ ಕಂಬದ ಹತ್ತಿರ ಯಾರೋ ನಕ್ಕರು, ನಾನೂ ನಕ್ಕೆನೇನೋ, ಕೆನ್ನೆ ಒದ್ದೆ.

ರವಿ, ಹತ್ತಿರ ಹಿಡಿ. ಇನ್ನೂ ಹತ್ತಿರ. ಸೌಟು ಕಂಡಿತು, ಸೌಟು ಹಿಡಿದ ಮುಂಗೈ, ಹಸಿರು ಬಳೆ, ಈ ಹಸಿರು ಅವರು ಎಲ್ಲಿಂದ ತಂದರೋ, ಅವಳಿಗೆ ಹಸಿರು ಇಷ್ಟ ಅಂತ ಅವರಿಗೆ ಗೊತ್ತಿತ್ತೆ, ಬಾಗಿದ ಕತ್ತು, ಎಡಗಡೆಯಿಂದ, ಎಡಗಡೆಯಿಂದಲೇ ಬರಿತೀನಿ ಅಂದಿದ್ದರು, ಕೆನ್ನೆ, ಕೆನ್ನೆಯ ಮೇಲೆ ಹೊಗೆ, ಮಸಿಯಾದ ಮುಖ, ಅಯ್ಯ ಅಕ್ಕ ಇಲ್ಲಿಯೂ ಮಸಿಯೇನೆ ನಿನಗೆ, ಇರಲಿ, ಒಲೆಯ ಮಸಿ ಇದು, ಉಂಡವರ ಮನೆಯ ಮಸಿ, ಅಲ್ಲಿ ರೆಸ್ಟನ್ನಿನ ಮನೆಯಲ್ಲಿ ಮಾಯಾ ಮಾಡಿಸಿದ ಪೆಟ್ಟಿಗೆಯಲ್ಲಿ ಬೆಳ್ಳಗೆ ಇದ್ದೀಯಲ್ಲ, ಎರಡೂ ಕಡೆ ಇದ್ದೀಯಲ್ಲ, ಇಬ್ಬರೂ ಸೇರಿ ನನಗೆ ಹೇಳದೆ ಇಷ್ಟು ಮಾಡಿಟ್ಟಿರಲ್ಲ, ನಿಮ್ಮಿಬ್ಬರಿಗೂ ಶರಣು, ಆ ಇಟಲಿಯ ಮುದುಕನಿಗೂ ಅವನನ್ನು ಚುಚ್ಚಿದ ಕೈ ಯಾರದೋ ಅದಕ್ಕೂ, ಈ ಹುಡುಗಿಗೂ — ಅತ್ತೀ, ಕಾಣತೈತೇನ್ರಿ. ಕಾಣತೈತಿ. ಕಿವಿ. ಕೆಳಗೆ ಎರಡಾದ ಹಾಲೆ, ಬಣ್ಣ ಹಾಗೇ ಇದೆ, ಅಂಚಿನಲ್ಲಿ ಒಂದು ಉಗುರಿನಷ್ಟು ಬಣ್ಣದ ಹಕ್ಕಳೆ ಎದ್ದು ಬಿದ್ದಿದೆ, ಬಿದ್ದ ಕಡೆ ಸುಣ್ಣದ ಬಿಳಿ, ಆ ಬಿಳಿಯ ಮೇಲೆ, ಹತ್ತಿರ ಹಿಡಿ ರವಿ, ಅಲ್ಲಾಡಿಸಬ್ಯಾಡ, ಕಿವಿಯ ಗುಂಟ, ಒತ್ತೊತ್ತಾಗಿ, ಸೂಜಿ ಇಳಿಯಾಕ ಒಲ್ಲದ ಎರಡು ಹಾಳೆಯನ್ನು ದಾಟಿ, ಅವಳ ಕೈ ಒತ್ತಿದಲ್ಲೆಲ್ಲ, ಒಂದು, ಅದರ ಕೆಳಗೆ ಒಂದು, ಅದರ ಕೆಳಗೆ ಇನ್ನೊಂದು, ಕರೀ ಚುಕ್ಕಿ